ತಿಬೇರಿಯ ಕೈಸರನೂ ಅವನ ಬೆಳ್ಳಿಯ ನಾಣ್ಯವೂ

ಟಿ. ದಾಸರಹಳ್ಳಿಗೆ ನೆರೆಯಾದ ಯಶವಂತಪುರದಲ್ಲಿ 1891ನೇ ಇಸವಿಯಲ್ಲಿ ರೈಲುದಾರಿಯ ಕೆಲಸಕ್ಕಾಗಿ ನೆಲವನ್ನು ಅಗೆಯುವಾಗ 163 ರೋಮಾಯ ಬೆಳ್ಳಿ ನಾಣ್ಯಗಳು ದೊರೆತವು. ಔಗುಸ್ತ, ತಿಬೇರಿಯ, ಕ್ಲೌದ್ಯ ಎಂಬ ಕೈಸರರ ಮುದ್ರೆಗಳು ಅವುಗಳಲ್ಲಿದ್ದವು. ನಮ್ಮ ದೇಶದ ಮೆಣಸು, ರತ್ನ, ಬಟ್ಟೆಗಳನ್ನು ಕೊಳ್ಳಲು ವರ್ತಕರು ಇಂಥ ಹಣವನ್ನು ಹಡಗುಗಳಲ್ಲಿ ತರುತ್ತಿದ್ದರು. ಇವರೊಳಗೆ ತಿಬೇರಿಯನ ಹೆಸರನ್ನು ನಾವು ಲೂಕನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅವನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ತಿಬೇರಿಯನು ಕ್ರಿ.ಪೂ. 42ರಲ್ಲಿ ರೋಮಾಪುರದಲ್ಲಿ ಹುಟ್ಟಿದನು. ಅವನು ಮೂರು ವರ್ಷದ ಮಗುವಾಗಿದ್ದಾಗ ತಾಯಿಯಾದ ಲಿವಿಯಾ ತನ್ನ ಗಂಡನನ್ನು ಬಿಟ್ಟು, ಮುಂದೆ ಔಗುಸ್ತನೆನಿಸಿಕೊಂಡವನನ್ನು ಮದುವೆಯಾದಳು. ಹುಡುಗನು ಬೆಳೆದು ಸಮರ್ಥನಾದ ಸೇನಾಪತಿಯಾದನು. ಆದರೆ ಔಗುಸ್ತನ ಅಪ್ಪಣೆಯಂತೆ, ತಾನು ಪ್ರೀತಿಸಿದ ಹೆಂಡತಿ ವಿಪ್ಸಾನಿಯಳನ್ನು ಬಿಟ್ಟು ಅರಸನ ಮಗಳಾದ ಯೂಲಿಯಳನ್ನು ಮದುವೆಯಾಗಬೇಕಾಯಿತು. ತರುವಾಯ ಒಮ್ಮೆ ವಿಪ್ಸಾನಿಯಳನ್ನು ದೂರದಿಂದ ಕಂಡು ಕಣ್ಣೀರು ತುಂಬಿಕೊಂಡನೆಂದು ಚರಿತ್ರೆಗಾರರು ಬರೆದಿದ್ದಾರೆ. ಕ್ರಿ.ಪೂ. 6ರಲ್ಲಿ ಎಲ್ಲವನ್ನೂ ತೊರೆದು ರೋದ ದ್ವೀಪಕ್ಕೆ ಹೋಗಿ ಅನೇಕ ವರ್ಷ ಇದ್ದನು. ಔಗುಸ್ತನು ಸತ್ತ ಮೇಲೆ ಕ್ರಿ.ಶ. 14ರಲ್ಲಿ ಸಿಂಹಾಸನವು ಅವನ ಪಾಲಿಗೆ ಬಂದಿತು.

ಅವನ ನಾಣ್ಯಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ದೊರೆಯುವ ಬಗೆಯು ತೂಕದಲ್ಲಿ ತೊಲದ ಮೂರನೆಯ ಒಂದು ಪಾಲಿನಷ್ಟಿದೆ. ಒಂದು ಮುಖದಲ್ಲಿ ಎಲೆಯ ಕಿರೀಟವನ್ನು ಧರಿಸಿದ ಅರಸನ ತಲೆಯೂ, ಇವನು ದೇವನಾದ ಔಗುಸ್ತನ ಮಗನೆಂಬ ಬರಹವೂ ಉಂಟು. ಇನ್ನೊಂದು ಮುಖದಲ್ಲಿ ಮಹಾಯಾಜಕನೆಂಬ ಬಿರುದೂ, ಕೊಂಬೆಯನ್ನು ಹಿಡಿದು ಕುಳಿತ ಸ್ತ್ರೀಯ ರೂಪವೂ ಇವೆ. ಇವಳು ಸಮಾಧಾನದೇವತೆಯ ರೂಪದಲ್ಲಿರುವ ಲಿವಿಯಳೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹೀಗೆ ರಾಜ್ಯಾಧಿಕಾರವೂ ದೇವಾರಾಧನೆಯೂ ಒಂದೇ ಬಿಲ್ಲೆಯ ಮೇಲೆ ಸೇರಿ ಸಂತೆಸಂತೆಗೂ ಹೋಗುತ್ತಿದ್ದವು.

ಮನುಷ್ಯನು ನಾಣ್ಯದಂತಿರಲಿಲ್ಲ. ಕ್ರಿ.ಶ. 17ರಲ್ಲಿ ಭೂಕಂಪದಿಂದ ಹಾಳಾದ ಸಾರ್ದಿಸ್ ಪಟ್ಟಣಕ್ಕೆ 5 ವರ್ಷಗಳ ತೆರಿಗೆಯನ್ನು ಬಿಟ್ಟು ಉಪಕಾರ ಮಾಡಿದನು. ಕ್ರಿ.ಶ. 25ರಲ್ಲಿ ಸ್ಪೇನಿನವರು ಅವನಿಗೆ ಗುಡಿ ಕಟ್ಟಲು ಕೇಳಿಕೊಂಡಾಗ, ತಾನು ಸಾಯತಕ್ಕ ಮನುಷ್ಯನೆಂದು ಹೇಳಿ ಒಪ್ಪಲಿಲ್ಲ. ಆದರೂ ಅವನಿಗೆ ಸಮಾಧಾನವಿರಲಿಲ್ಲ. ಕ್ರಿ.ಶ. 26ರಲ್ಲಿ ರೋಮಾಪುರವನ್ನು ಬಿಟ್ಟವನು ಕಾಪ್ರಿ ದ್ವೀಪವನ್ನು ಸೇರಿ, ಪಟ್ಟಣದೊಳಗೆ ಮತ್ತೆ ಕಾಲಿಡಲೇ ಇಲ್ಲ. ಬಹುವಾಗಿ ನಂಬಿದ್ದ ಸೆಯಾನನನ್ನು ಕ್ರಿ.ಶ. 31ರಲ್ಲಿ ಕೊಲ್ಲಿಸಿದನು, ಅನೇಕರು ಸಂಶಯಕ್ಕೆ ಬಲಿಯಾದರು. ಕ್ರಿ.ಶ. 37ರಲ್ಲಿ ಅವನು ಸತ್ತಾಗ ರೋಮಿನ ಹಿರಿಯರ ಸಭೆಯು ಅವನನ್ನು ದೇವರುಗಳೊಳಗೆ ಸೇರಿಸಲಿಲ್ಲ.

ಯೆರೂಸಲೇಮಿನಲ್ಲಿ ತೆರಿಗೆಯ ವಿಷಯವಾಗಿ ಕರ್ತನ ಕೈಗೆ ಕೊಟ್ಟ ನಾಣ್ಯವು ಇದೇ ಬಗೆಯದೆಂದು ಬಹುಮಂದಿ ಎಣಿಸುತ್ತಾರೆ. ಆತನು ಅದನ್ನು ಬಿಸಾಡಲಿಲ್ಲ, ಅದಕ್ಕೆ ಅಡ್ಡಬೀಳಲೂ ಇಲ್ಲ. ಕೈಸರನ ಪಾಲು ಯಾವುದು, ದೇವರ ಪಾಲು ಯಾವುದು ಎಂದು ವಿಂಗಡಿಸಿದನು. ಕಂದಾಯ ಕಟ್ಟುವಾಗಲೂ ಸಂತೆಯಲ್ಲಿ ಹಣ ಎಣಿಸುವಾಗಲೂ ನಾವು ಇದನ್ನು ನೆನಸೋಣ.