ರಾಬರ್ಟ್ ಬ್ರೂಸ್ ಫೂಟ್ (1834–1912)

ಇಂಗ್ಲೆಂಡಿನಲ್ಲಿ ಜನಿಸಿದ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಅವರಿಗೆ ಸಿಕ್ಕ ಕಲ್ಲಿನ ಆಯುಧ, ಭಾರತದಲ್ಲೂ ಹಳೆ ಶಿಲಾಯುಗದ ಮಾನವರಿದ್ದರೆಂದು ತೋರಿಸಿತು.

ಮುಂದೆ ಬಳ್ಳಾರಿ ಜಿಲ್ಲೆಯ ಶಿಲೆಗಳ ಸಮೀಕ್ಷೆಗೆ ಬಂದಾಗ, ನಗರದ ಸಮೀಪದ ಕಪ್ಪಗಲ್ಲು ಬೆಟ್ಟದಲ್ಲಿ ನವಶಿಲಾಯುಗದ ಕೊಡಲಿಗಳನ್ನು ಕಂಡರು. ನಯಗೊಳಿಸಿದ ಕೊಡಲಿಗಳಷ್ಟನ್ನೇ ಆರಿಸಿಕೊಳ್ಳದೆ, ಅರ್ಧಕ್ಕೆ ಬಿಟ್ಟವನ್ನೂ ಕಲ್ಲಿನ ಚಕ್ಕೆಗಳನ್ನೂ ಗಮನಿಸಿದ್ದರಿಂದ ಅದು ಕೊಡಲಿ ತಯಾರಿಸುವ ಸ್ಥಳವೆಂದು ಗುರುತಿಸಿದರು. ಜಿಲ್ಲೆಯ ಭೂವಿಜ್ಞಾನ ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ಅವರ ಸಂಗ್ರಹ ಮದರಾಸು ವಸ್ತುಸಂಗ್ರಹಾಲಯ ಸೇರಿತು.

ಆ ಬೆಟ್ಟದ ಒಂದು ಭಾಗವನ್ನು ಕಲ್ಲುಗಣಿಗಾರಿಕೆ ಈಗಾಗಲೇ ನುಂಗಿದೆ. ಸಿರುಗುಪ್ಪ, ಕುರುಗೋಡಿನ ಶಾಲೆಗಳಲ್ಲಿ ಶಿಲಾಯುಗದ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಕೊಡಲಿಯ ಚಿತ್ರದೊಂದಿಗೆ ಚಕ್ಕೆಯ ಚಿತ್ರವನ್ನೂ ತೋರಿಸಲಿ. ಕೊಡಲಿಯನ್ನು ಹೇಗೆ ಮಾಡಿದರೆಂದು ಮಕ್ಕಳೇ ಊಹಿಸಿ ಹೇಳುತ್ತಾರೆ.