ಲಿಯೋ ಕ್ಯಾನರ್

ಲಿಯೋ ಕ್ಯಾನರ್ (೧೩ ಜೂನ್ ೧೮೯೪ – ಏಪ್ರಿಲ್ ೧೯೮೧) ಆಸ್ಟ್ರಿಯಾ ಮೂಲದ ಅಮೆರಿಕನ್ ಮನೋವೈದ್ಯರು. ಆಟಿಸಂ ಎಂದು ಬಳಕೆಯಲ್ಲಿರುವ ಸ್ವಲೀನತೆಯನ್ನು ಪ್ರತ್ಯೇಕ ಸ್ಥಿತಿಯಾಗಿ ವಿವರಿಸಿದ ಅವರ ೧೯೪೩ರ ಲೇಖನವು ಈ ಕ್ಷೇತ್ರದ ಮೂಲ ಬರಹಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಸ್ವಲೀನತೆಯುಳ್ಳ ಮಕ್ಕಳಿಗೆ ವೈದ್ಯಕೀಯ ನೆರವಿನ ದಾರಿ ತೆರೆದವರಲ್ಲಿ ಅವರು ಪ್ರಮುಖರು. ಅದೇ ಮಕ್ಕಳ ತಂದೆತಾಯಿಗಳ ಮೇಲೆ ದೀರ್ಘಕಾಲ ಉಳಿದ ಆರೋಪಕ್ಕೂ ಅವರ ಬರಹಗಳು ಎಡೆಮಾಡಿಕೊಟ್ಟವು.

ಆರಂಭಿಕ ಜೀವನ

ಕ್ಯಾನರ್ ಅವರು ಅಂದಿನ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದ ಕ್ಲೆಕೊಟಿವ್ ಎಂಬ ಹಳ್ಳಿಯ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಈ ಹಳ್ಳಿಯು ಈಗ ಉಕ್ರೇನ್ ದೇಶದಲ್ಲಿದೆ. ಅವರು ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದರು. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಸೇನೆಯ ವೈದ್ಯಕೀಯ ದಳದಲ್ಲಿ ಸೇವೆ ಸಲ್ಲಿಸಿ, ೧೯೨೧ರಲ್ಲಿ ವೈದ್ಯ ಪದವಿ ಪಡೆದರು. ೧೯೨೪ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ದಕ್ಷಿಣ ಡಕೋಟಾದ ಯಾಂಕ್ಟನ್ ರಾಜ್ಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ೧೯೨೮ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಗೆ ಬಂದು, ಮನೋವೈದ್ಯ ಅಡಾಲ್ಫ್ ಮೇಯರ್ ಅವರ ಮಾರ್ಗದರ್ಶನದಲ್ಲಿ ಹೆಚ್ಚಿನ ತರಬೇತಿ ಪಡೆದರು.

ಮಕ್ಕಳ ಮನೋವೈದ್ಯಶಾಸ್ತ್ರ

೧೯೩೦ರಲ್ಲಿ ಕ್ಯಾನರ್ ಅವರು ಜಾನ್ಸ್ ಹಾಪ್ಕಿನ್ಸ್ ಮಕ್ಕಳ ಆಸ್ಪತ್ರೆಯೊಳಗೆ ಮನೋವೈದ್ಯಕೀಯ ವಿಭಾಗವನ್ನು ಆರಂಭಿಸಿದರು. ೧೯೩೫ರಲ್ಲಿ ಪ್ರಕಟವಾದ ಅವರ ಚೈಲ್ಡ್ ಸೈಕಿಯಾಟ್ರಿ ಗ್ರಂಥವು ಈ ವಿಷಯದ ಮೊದಲ ಇಂಗ್ಲಿಷ್ ಪಠ್ಯಪುಸ್ತಕವೆಂದು ಹೆಸರಾಯಿತು.

ಬುದ್ಧಿಮಾಂದ್ಯತೆಯುಳ್ಳವರ ಹಕ್ಕುಗಳ ಪರವಾಗಿಯೂ ಅವರು ದನಿಯೆತ್ತಿದರು. ಮೇರಿಲ್ಯಾಂಡ್ ರಾಜ್ಯದ ರೋಸ್‌ವುಡ್ ಪಾಲನಾ ಸಂಸ್ಥೆಯಲ್ಲಿದ್ದ ಅನೇಕ ಹುಡುಗಿಯರನ್ನು ವಕೀಲರು ಹೇಬಿಯಸ್ ಕಾರ್ಪಸ್ ಅರ್ಜಿಗಳ ಮೂಲಕ ಬಿಡಿಸಿ, ಸಿರಿವಂತರ ಮನೆಗಳಿಗೆ ಅಗ್ಗದ ಮನೆಗೆಲಸದವರಾಗಿ ಕಳುಹಿಸುತ್ತಿದ್ದರು. ಹೀಗೆ ಹೊರಬಂದವರ ದುಸ್ಥಿತಿಯನ್ನು ಕ್ಯಾನರ್ ಅವರು ೧೯೩೭ರಲ್ಲಿ ಬಹಿರಂಗಪಡಿಸಿದರು.

೧೯೪೩ರ ಲೇಖನ

೧೯೩೮ರಲ್ಲಿ ಮಿಸಿಸಿಪಿ ರಾಜ್ಯದ ದಂಪತಿ ತಮ್ಮ ಐದು ವರ್ಷದ ಮಗ ಡೊನಾಲ್ಡ್‌ನನ್ನು ಕ್ಯಾನರ್ ಅವರ ಬಳಿಗೆ ಕರೆತಂದರು. ಅದಕ್ಕೆ ಮೊದಲು ವೈದ್ಯರ ಸಲಹೆಯಂತೆ ಬಾಲಕನನ್ನು ಮನೆಯಿಂದ ದೂರದ ಸಂಸ್ಥೆಯೊಂದರಲ್ಲಿ ಇರಿಸಲಾಗಿತ್ತು. ತಂದೆತಾಯಿಗಳೇ ಅವನನ್ನು ಮರಳಿ ಕರೆತಂದಿದ್ದರು. ಮಗನ ನಡವಳಿಕೆಯನ್ನು ಕುರಿತು ತಂದೆಯು ೩೩ ಪುಟಗಳ ಪತ್ರವನ್ನು ಬರೆದು ಕಳುಹಿಸಿದ್ದರು. ಈ ಪತ್ರದ ವಿವರಗಳು ಕ್ಯಾನರ್ ಅವರ ಅಧ್ಯಯನಕ್ಕೆ ಮುಖ್ಯ ಆಧಾರವಾದವು.

೧೯೪೩ರಲ್ಲಿ ಡೊನಾಲ್ಡ್ ಸೇರಿದಂತೆ ೮ ಗಂಡು ಮತ್ತು ೩ ಹೆಣ್ಣು ಮಕ್ಕಳ ವೃತ್ತಾಂತವನ್ನು ಅವರು ಪ್ರಕಟಿಸಿದರು. ತನ್ನಷ್ಟಕ್ಕೆ ತಾನೇ ಇರುವುದು, ಸುತ್ತಲಿನ ವ್ಯವಸ್ಥೆ ಬದಲಾಗಬಾರದೆಂಬ ಹಟ ಹಾಗೂ ಭಾಷೆಯ ಅಸಾಮಾನ್ಯ ಬಳಕೆ ಇವುಗಳನ್ನು ಅವರು ಪ್ರಮುಖ ಲಕ್ಷಣಗಳೆಂದು ಗುರುತಿಸಿದರು. ಇದಕ್ಕೂ ಮೊದಲೇ, ೧೯೨೦ರ ದಶಕದಲ್ಲಿ, ಸೋವಿಯತ್ ಮನೋವೈದ್ಯೆ ಗ್ರುನ್ಯಾ ಸುಖರೇವಾ ಅವರು ಇಂತಹ ಮಕ್ಕಳನ್ನು ವರ್ಣಿಸಿದ್ದರು.

ತಂದೆತಾಯಿಗಳ ಮೇಲಿನ ಆರೋಪ

ಸ್ವಲೀನತೆಯು ಹುಟ್ಟಿನಿಂದಲೇ ಇರುವ ಸ್ಥಿತಿಯೆಂದು ೧೯೪೩ರ ಲೇಖನದಲ್ಲಿ ಕ್ಯಾನರ್ ಅವರು ಅಭಿಪ್ರಾಯಪಟ್ಟಿದ್ದರು. ಆದರೆ ಆ ಮಕ್ಕಳ ತಂದೆತಾಯಿಗಳಲ್ಲಿ ವಾತ್ಸಲ್ಯ ಕಡಿಮೆಯೆಂದೂ ಅವರು ಬರೆದರು. ೧೯೪೯ರ ಲೇಖನದಲ್ಲಿ ಈ ಮಾತಿಗೆ ಮತ್ತಷ್ಟು ಒತ್ತು ಕೊಟ್ಟರು. ಇದರಿಂದ ರೆಫ್ರಿಜರೇಟರ್ ತಾಯಿ ಎಂಬ ನಿಂದೆಯ ಕಲ್ಪನೆ ಹರಡಿತು. ಬ್ರೂನೋ ಬೆಟಲ್‌ಹೈಮ್ ಅವರ ೧೯೬೭ರ ಪುಸ್ತಕವು ಅದಕ್ಕೆ ಇನ್ನಷ್ಟು ಪ್ರಚಾರ ನೀಡಿತು. ನೆರವು ಅರಸಿ ಬಂದ ತಾಯಂದಿರು ತಾವೇ ಕಾರಣರೆಂಬ ಅಪರಾಧಿ ಭಾವವನ್ನು ಹೊರಬೇಕಾಯಿತು.

ಕ್ಯಾನರ್ ಅವರು ಕಂಡ ತಂದೆತಾಯಿಗಳಲ್ಲಿ ಹೆಚ್ಚಿನವರು ವಿದ್ಯಾವಂತರು. ದೂರದ ತಜ್ಞರನ್ನು ತಲುಪುವ ಹಣ ಮತ್ತು ತಿಳಿವಳಿಕೆ ಅಂಥವರಿಗೇ ಇತ್ತು. ಸ್ವಲೀನತೆಯು ಎಲ್ಲ ವರ್ಗದ ಕುಟುಂಬಗಳಲ್ಲಿಯೂ ಕಂಡುಬರುತ್ತದೆಂದು ಲೋರ್ನಾ ವಿಂಗ್ ಮೊದಲಾದವರ ನಂತರದ ಅಧ್ಯಯನಗಳು ತೋರಿಸಿದವು.

೧೯೬೪ರಲ್ಲಿ, ಸ್ವತಃ ಸ್ವಲೀನತೆಯುಳ್ಳ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರು ಈ ಸ್ಥಿತಿಗೆ ಜೈವಿಕ ಕಾರಣಗಳಿವೆಯೆಂದು ವಾದಿಸುವ ಪುಸ್ತಕವನ್ನು ಪ್ರಕಟಿಸಿದರು. ಅದಕ್ಕೆ ಕ್ಯಾನರ್ ಅವರೇ ಮುನ್ನುಡಿ ಬರೆದರು. ೧೯೬೯ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ತಂದೆತಾಯಿಗಳ ಸಂಘಟನೆಯ ಸಭೆಯಲ್ಲಿ ಅವರು ತಂದೆತಾಯಿಗಳನ್ನು ಬಹಿರಂಗವಾಗಿ ದೋಷಮುಕ್ತರೆಂದು ಸಾರಿದರು.

ಕೊನೆಯ ವರ್ಷಗಳು ಮತ್ತು ಪರಂಪರೆ

೧೯೫೯ರಲ್ಲಿ ನಿವೃತ್ತರಾದ ಬಳಿಕವೂ ಅವರು ಬರವಣಿಗೆಯನ್ನು ಮುಂದುವರಿಸಿದರು. ೧೯೭೧ರಲ್ಲಿ ಮೊದಲ ಹನ್ನೊಂದು ಮಕ್ಕಳ ಮುಂದಿನ ಬದುಕನ್ನು ಪರಿಶೀಲಿಸಿ ಲೇಖನವೊಂದನ್ನು ಪ್ರಕಟಿಸಿದರು. ರಾಜ್ಯ ಆಸ್ಪತ್ರೆಗಳಲ್ಲಿ ಉಳಿದವರು ಕಲಿತಿದ್ದನ್ನೂ ಕಳೆದುಕೊಂಡಿದ್ದರು. ಬಾಲ್ಯದ ಕೆಲವು ವರ್ಷಗಳನ್ನು ರೈತ ದಂಪತಿಯ ಆರೈಕೆಯಲ್ಲಿ ಕಳೆದ ಡೊನಾಲ್ಡ್ ಮಾತ್ರ ಪದವಿ ಪಡೆದು ಬ್ಯಾಂಕ್ ಉದ್ಯೋಗಿಯಾಗಿದ್ದರು. ಮಕ್ಕಳ ಭವಿಷ್ಯದಲ್ಲಿ ಅವರಿಗೆ ದೊರೆಯುವ ಪರಿಸರದ ಪಾತ್ರ ದೊಡ್ಡದೆಂಬುದನ್ನು ಈ ಅಧ್ಯಯನವು ಮುಂದಿಟ್ಟಿತು.

ಕ್ಯಾನರ್ ಅವರು ೧೯೮೧ರಲ್ಲಿ ಮೇರಿಲ್ಯಾಂಡ್‌ನಲ್ಲಿ ನಿಧನರಾದರು. ಅವರ ಕಿರಿದಾದ ವ್ಯಾಖ್ಯೆಯ ಸ್ಥಾನದಲ್ಲಿ ಇಂದು ಸ್ವಲೀನತೆಯ ವ್ಯಾಪ್ತಿ ಎಂಬ ವಿಶಾಲ ಪರಿಕಲ್ಪನೆಯು ಬಳಕೆಯಲ್ಲಿದೆ.