ಬೋಧನಾಪೀಠದಿಂದ ಬಡವರ ಮನೆಯ ಮೆಟ್ಟಿಲಿಗೆ: ಪುನೀತ ಫ್ರೆಡರಿಕ್ ಓಝಾನಮ್

ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕ ಕುಟುಂಬಗಳು ಹೊಸ ತೆನೆಯನ್ನು ಮನೆಗೆ ತಂದು ಮೊಂತಿ ಹಬ್ಬವನ್ನು ಆಚರಿಸುತ್ತವೆ. ಬೆಂಗಳೂರಿನ ಶಿವಾಜಿನಗರದಲ್ಲಿ ಮರಿಯಮ್ಮನವರ ಮಹಾದೇವಾಲಯದ ಸುತ್ತ ಭಕ್ತಸಾಗರವೇ ನೆರೆಯುತ್ತದೆ. ಮಾತೆ ಮರಿಯಮ್ಮನವರ ಜನನೋತ್ಸವದ ಇದೇ ದಿನ, 1853ನೆಯ ಇಸವಿಯಲ್ಲಿ, ಫ್ರಾನ್ಸ್ ದೇಶದ ಮಾರ್ಸೇಲ್ಸ್ ಬಂದರಿನಲ್ಲಿ ನಲವತ್ತು ವರ್ಷದ ಪ್ರಾಧ್ಯಾಪಕರೊಬ್ಬರು ಪತ್ನಿಯನ್ನೂ ಎಂಟು ವರ್ಷದ ಮಗಳನ್ನೂ ಬಿಟ್ಟು ದೇವರ ಕರೆಗೆ ಓಗೊಟ್ಟರು. ಅವರೇ ಫ್ರೆಡರಿಕ್ ಓಝಾನಮ್. ಧರ್ಮಸಭೆಯು ಅವರ ಸ್ಮರಣೆಯನ್ನು ಸೆಪ್ಟೆಂಬರ್ 9ರಂದು ಮಾಡುತ್ತದೆ. ಹಬ್ಬದ ಸಂಭ್ರಮ ಮುಗಿದ ಮರುದಿನ ಬರುವ ಈ ಸ್ಮರಣೆಯು ನಮ್ಮಲ್ಲಿ ಬಹುಮಂದಿಯ ಗಮನಕ್ಕೆ ಬಾರದೆ ಹೋಗುತ್ತದೆ.

ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಹೆಸರು ಕೇಳದ ಕಥೋಲಿಕ ಕುಟುಂಬ ವಿರಳ. ಆದರೆ ಆ ಸಭೆಯನ್ನು ಹುಟ್ಟುಹಾಕಿದವರು ಗುರುಗಳೂ ಅಲ್ಲ, ಕನ್ಯಾಸ್ತ್ರೀಯರೂ ಅಲ್ಲ, ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗರು ಎಂಬ ಸಂಗತಿ ಬಹುಮಂದಿಗೆ ತಿಳಿಯದು. ಗುರುಮಠದಲ್ಲಿ ದರ್ಶನಶಾಸ್ತ್ರವನ್ನು ಓದುತ್ತಿದ್ದ ದಿನಗಳಲ್ಲಿ ನಾವೂ ಓಝಾನಮ್ ಅವರನ್ನು ಉದಾರಿಯಾದ ಒಬ್ಬ ದಾನಿ ಎಂದಷ್ಟೇ ತಿಳಿದಿದ್ದೆವು. ಅವರು ತಮ್ಮ ಕಾಲದ ಶ್ರೇಷ್ಠ ವಿದ್ವಾಂಸರಲ್ಲಿ ಒಬ್ಬರಾಗಿದ್ದರೆಂದೂ, ಅವರ ವಿದ್ಯೆಗೂ ದಯೆಗೂ ಬೇರು ಒಂದೇ ಆಗಿತ್ತೆಂದೂ ನಮಗೆ ಅರಿವಾದದ್ದು ಬಹಳ ತಡವಾಗಿ.

ಓಝಾನಮ್ ಹುಟ್ಟಿದ್ದು 1813ರ ಏಪ್ರಿಲ್ 23ರಂದು, ಇಟಲಿಯ ಮಿಲಾನ್ ನಗರದಲ್ಲಿ. ನೆಪೋಲಿಯನ್ನನ ಆಡಳಿತ ಕೊನೆಗೊಂಡ ಮೇಲೆ ಕುಟುಂಬವು ಫ್ರಾನ್ಸಿನ ಲಿಯಾನ್ ನಗರಕ್ಕೆ ಮರಳಿತು. ತಂದೆ ಒಂದು ಕಾಲದಲ್ಲಿ ಸೈನಿಕರಾಗಿದ್ದು ಬಳಿಕ ವೈದ್ಯರಾದವರು. ಹದಿನಾಲ್ಕು ಮಕ್ಕಳು ಹುಟ್ಟಿದ ಆ ಮನೆಯಲ್ಲಿ ಬಾಲ್ಯವನ್ನು ದಾಟಿ ಉಳಿದವರು ಕೆಲವರೇ. ಸಾವನ್ನು ಅಷ್ಟು ಹತ್ತಿರದಿಂದ ಕಂಡ ಆ ದಂಪತಿಗಳು ಬಡ ರೋಗಿಗಳ ಆರೈಕೆಯನ್ನು ಬಿಟ್ಟವರಲ್ಲ. ಅವರ ಬಗ್ಗೆ ಒಂದು ಸಂಗತಿಯನ್ನು ಹೇಳುವುದುಂಟು. ವಯಸ್ಸಾದ ಮೇಲೆ, ನಾಲ್ಕನೆಯ ಮಹಡಿಗಿಂತ ಮೇಲಕ್ಕೆ ಹತ್ತಬಾರದೆಂದು ಗಂಡ ಹೆಂಡತಿಯಿಂದಲೂ ಹೆಂಡತಿ ಗಂಡನಿಂದಲೂ ಮಾತು ಪಡೆದಿದ್ದರಂತೆ. ಒಂದು ದಿನ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಹೊರಟು ಕಟ್ಟಡವೊಂದರ ತುತ್ತತುದಿಯಲ್ಲಿ ಮುಖಾಮುಖಿಯಾದರಂತೆ! ಅಂದಿನ ನಗರಗಳಲ್ಲಿ ಎತ್ತರದ ಮಹಡಿಗಳೆಂದರೆ ಕಡು ಬಡವರ ವಾಸಸ್ಥಾನ. ಮೆಟ್ಟಿಲು ಹತ್ತುವುದನ್ನು ಓಝಾನಮ್ ಕಲಿತದ್ದು ಮನೆಯಲ್ಲಿಯೇ.

ಹದಿನೈದು ಹದಿನಾರರ ವಯಸ್ಸಿನಲ್ಲಿ ಆ ಬಾಲಕನನ್ನು ಸಂದೇಹದ ಬಿರುಗಾಳಿ ಕಾಡಿತು. ಸುತ್ತಲೂ ಧರ್ಮವನ್ನು ಹೀಗಳೆಯುವ ಮಾತುಗಳು, ಒಳಗೆ ಉತ್ತರವಿಲ್ಲದ ಪ್ರಶ್ನೆಗಳು. ಆಗ ಕೈಹಿಡಿದವರು ಕಾಲೇಜಿನಲ್ಲಿ ದರ್ಶನಶಾಸ್ತ್ರವನ್ನು ಬೋಧಿಸುತ್ತಿದ್ದ ಗುರು ನ್ವಾರೋ. ಅವರು ಹುಡುಗನ ಪ್ರಶ್ನೆಗಳನ್ನು ಗದರಿಸಿ ಅಡಗಿಸಲಿಲ್ಲ. ಅವನೊಡನೆ ದೀರ್ಘವಾಗಿ ನಡೆಯುತ್ತಾ, ಪ್ರಶ್ನೆಗೆ ಪ್ರಶ್ನೆ ಹಾಕುತ್ತಾ, ಸತ್ಯದತ್ತ ತಾನಾಗಿಯೇ ಬರುವಂತೆ ಮಾಡಿದರು. ಆ ಕತ್ತಲೆಯಿಂದ ಹೊರಬಂದ ಓಝಾನಮ್ ತಮ್ಮ ಜೀವಮಾನವನ್ನು ಸತ್ಯದ ಸೇವೆಗೆ ಮುಡಿಪಾಗಿಡಲು ನಿಶ್ಚಯಿಸಿದರು. ಸ್ವತಃ ಸಂದೇಹದ ನೋವನ್ನು ಉಂಡಿದ್ದರಿಂದ, ನಂಬಿಕೆ ಇಲ್ಲದವರನ್ನು ಅವರು ಎಂದೂ ಹೀನಾಯವಾಗಿ ಕಾಣಲಿಲ್ಲ.

1831ರಲ್ಲಿ ಕಾನೂನು ವ್ಯಾಸಂಗಕ್ಕಾಗಿ ಪ್ಯಾರಿಸ್ಸಿಗೆ ಬಂದ ಅವರಿಗೆ ಆಶ್ರಯವಿತ್ತವರು ವಿದ್ಯುತ್ ವಿಜ್ಞಾನದ ಪಿತಾಮಹರಲ್ಲಿ ಒಬ್ಬರಾದ ಆಂಪಿಯರ್. ವಿದ್ಯುತ್ ಪ್ರವಾಹದ ಅಳತೆಗೆ ಇಂದಿಗೂ ಯಾರ ಹೆಸರಿದೆಯೋ ಅದೇ ಆಂಪಿಯರ್. ಒಂದು ದಿನ ದೇವಾಲಯದ ಮೂಲೆಯಲ್ಲಿ ಆ ಮಹಾವಿಜ್ಞಾನಿ ಮೊಣಕಾಲೂರಿ ಜಪಸರ ಮಾಡುತ್ತಿದ್ದುದನ್ನು ಓಝಾನಮ್ ಕಂಡರೆಂದು ಹೇಳುತ್ತಾರೆ. ವಿಜ್ಞಾನಕ್ಕೂ ವಿಶ್ವಾಸಕ್ಕೂ ಹಗೆತನವಿಲ್ಲವೆಂಬುದಕ್ಕೆ ಆ ಯುವಕನಿಗೆ ಬೇರೆ ಪ್ರಮಾಣ ಬೇಕಾಗಲಿಲ್ಲ.

ಇಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ವಿಷಯವನ್ನು ಸ್ವಲ್ಪ ತಿಳಿಯಬೇಕು. ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ ಪುರಾತನ ಪೀಠವದು. ಅದರ ಪ್ರಸಿದ್ಧ ಭಾಗವಾದ ಸೋರ್ಬಾನ್ ಹದಿಮೂರನೆಯ ಶತಮಾನದಲ್ಲಿ ರೊಬೇರ್ ದೆ ಸೋರ್ಬೋನ್ ಎಂಬ ಗುರುವು ದೈವಶಾಸ್ತ್ರ ಓದಲು ಬಂದ ಬಡ ವಿದ್ಯಾರ್ಥಿಗಳಿಗಾಗಿ ತೆರೆದ ವಸತಿ ವಿದ್ಯಾಲಯ. ಆದರೆ ಫ್ರೆಂಚ್ ಮಹಾಕ್ರಾಂತಿಯ ನಂತರ ಅಲ್ಲಿನ ಗಾಳಿಯೇ ಬದಲಾಗಿತ್ತು. ಕ್ರೈಸ್ತ ಧರ್ಮ ಸತ್ತುಹೋದ ಸಂಗತಿ ಎಂಬಂತೆ ಕೆಲವು ಪ್ರಾಧ್ಯಾಪಕರು ಬೋಧಿಸುತ್ತಿದ್ದರು. ವಿದ್ಯಾಲಯಗಳಿದ್ದ ಸಂತ ಜೆನವೀವ್ ಗುಡ್ಡದ ಇಳಿಜಾರಿನಲ್ಲಿಯೇ ಮೂಫ್ತಾರ್ ಎಂಬ ಬೀದಿಯಿತ್ತು. ಅದು ನಗರದ ಅತ್ಯಂತ ದರಿದ್ರ ಕೇರಿ. 1832ರ ಕಾಲರಾ ಪಿಡುಗಿನಲ್ಲಿ ಪ್ಯಾರಿಸ್ಸಿನಲ್ಲಿ ಸುಮಾರು 18 ಸಾವಿರ ಜನ ಸತ್ತರು. ಇಂಥ ಕೇರಿಗಳಲ್ಲಿ ಸಾವು ಮನೆಮನೆಗೂ ಹೊಕ್ಕಿತು. ಗುಡ್ಡದ ಮೇಲೆ ವಿದ್ಯೆ, ಕೆಳಗೆ ಹಸಿವು. ನಡುವೆ ಕೆಲವೇ ನಿಮಿಷಗಳ ದಾರಿ. ಆ ದಾರಿಯಲ್ಲಿ ನಡೆಯುವವರು ಬಹಳ ಕಡಿಮೆ.

ಎಮಾನ್ಯುಯೆಲ್ ಬೈಯಿ ಎಂಬ ಕಥೋಲಿಕ ಪತ್ರಿಕೋದ್ಯಮಿಯ ಆಶ್ರಯದಲ್ಲಿ ವಿದ್ಯಾರ್ಥಿಗಳ ಒಂದು ಚರ್ಚಾಕೂಟ ನಡೆಯುತ್ತಿತ್ತು. ಎಲ್ಲ ಮತದವರಿಗೂ ಅಲ್ಲಿ ಪ್ರವೇಶವಿತ್ತು. ಓಝಾನಮ್ ಮತ್ತು ಅವರ ಗೆಳೆಯರು ಇತಿಹಾಸದ ಆಧಾರದಿಂದ ಧರ್ಮಸಭೆಯ ಸಾಧನೆಗಳನ್ನು ಎತ್ತಿಹಿಡಿಯುತ್ತಿದ್ದರು. ಗುಲಾಮರಿಗೆ ಬಿಡುಗಡೆ, ರೋಗಿಗಳಿಗೆ ಆಸ್ಪತ್ರೆ, ಅಕ್ಷರವಿಲ್ಲದವರಿಗೆ ಶಾಲೆ ಎಂದು ಪಟ್ಟಿಮಾಡುತ್ತಿದ್ದರು. ಒಂದು ದಿನ ಎದುರುಪಕ್ಷದ ಯುವಕನೊಬ್ಬ ಎದ್ದು ನಿಂತ. ಹಿಂದೆ ನಿಮ್ಮ ಧರ್ಮ ಒಳ್ಳೆಯದನ್ನು ಮಾಡಿತೆಂಬುದನ್ನು ಒಪ್ಪುತ್ತೇವೆ, ಆದರೆ ಈಗ, ಈ ಊರಿನಲ್ಲಿ, ನೀವು ಏನು ಮಾಡುತ್ತಿದ್ದೀರಿ ಎಂಬುದು ಅವನ ಪ್ರಶ್ನೆಯಾಗಿತ್ತು.

ತರ್ಕಶಾಸ್ತ್ರದ ದೃಷ್ಟಿಯಿಂದ ಆ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗಿರಲಿಲ್ಲ. ಮಾಡುವವನ ದೋಷದಿಂದ ತತ್ತ್ವ ಸುಳ್ಳಾಗುವುದಿಲ್ಲವೆಂದು ವಾದಿಸಿ ಗೆಲ್ಲಬಹುದಿತ್ತು. ಓಝಾನಮ್ ಆ ದಾರಿ ಹಿಡಿಯಲಿಲ್ಲ. ಪ್ರಶ್ನೆ ನ್ಯಾಯವಾದುದೆಂದು ಅವರ ಅಂತಃಕರಣ ಒಪ್ಪಿತು. ಪೂರ್ವಿಕರ ಪುಣ್ಯವನ್ನು ಹೇಳಿಕೊಂಡು ಬದುಕುವವನು ಅವರ ಆಸ್ತಿಯನ್ನು ಕರಗಿಸಿ ತಿನ್ನುವ ಮಗನಂತೆ. ಪರಂಪರೆ ಎಂಬುದು ಹೊಗಳಿಕೊಳ್ಳಲು ದೊರೆತ ಸಂಪತ್ತಲ್ಲ, ತೀರಿಸಬೇಕಾದ ಋಣ.

1833ರ ಏಪ್ರಿಲ್ 23ರಂದು, ಓಝಾನಮ್ ಅವರಿಗೆ ಇಪ್ಪತ್ತು ತುಂಬಿದ ದಿನ, ಬೈಯಿಯವರ ಪತ್ರಿಕಾ ಕಚೇರಿಯಲ್ಲಿ ಏಳು ಮಂದಿ ಸೇರಿದರು. ಬೈಯಿ ಒಬ್ಬರೇ ಹಿರಿಯರು, ಉಳಿದವರೆಲ್ಲ ಎಳೆಯ ವಿದ್ಯಾರ್ಥಿಗಳು. ಬಡವರಿಗೆ ಹಣ ಕಳುಹಿಸಿ ಕೈತೊಳೆದುಕೊಳ್ಳದೆ ತಾವೇ ಅವರ ಮನೆಗೆ ಹೋಗಬೇಕೆಂಬುದು ಅವರ ನಿರ್ಧಾರ. ಹೇಗೆ ಹೋಗಬೇಕು, ಏನು ಮಾತಾಡಬೇಕು ಎಂದು ಅವರಿಗೆ ತಿಳಿಯದು. ಅದನ್ನು ಕಲಿಸಿದವರು ಮೂಫ್ತಾರ್ ಕೇರಿಯಲ್ಲಿ ದುಡಿಯುತ್ತಿದ್ದ ಧರ್ಮಭಗಿನಿ ರೊಸಾಲಿ ರಾಂದ್ಯು. ಯಾವ ಮನೆಯಲ್ಲಿ ಯಾರು ಹಸಿದಿದ್ದಾರೆಂದು ಬಲ್ಲ ಆಕೆ ಕುಟುಂಬಗಳ ಹೆಸರುಗಳನ್ನೂ ರೊಟ್ಟಿಯ ಚೀಟಿಗಳನ್ನೂ ಕೊಟ್ಟು, ಬಡವರ ಮುಂದೆ ವಿನಯದಿಂದ ನಿಲ್ಲುವುದನ್ನು ಹೇಳಿಕೊಟ್ಟರು. ವಿಶ್ವವಿದ್ಯಾಲಯದ ಹುಡುಗರು ಆ ಭಗಿನಿಯ ಶಿಷ್ಯರಾದರು. ಓಝಾನಮ್ ತಮ್ಮಲ್ಲಿ ಉಳಿದಿದ್ದ ಚಳಿಗಾಲದ ಸೌದೆಯನ್ನೇ ಹೊತ್ತು ಬಡವನೊಬ್ಬನ ಮನೆಗೆ ಒಯ್ದರೆಂಬುದು ಸಭೆಯ ಪರಂಪರೆಯಲ್ಲಿ ಉಳಿದುಬಂದಿರುವ ನೆನಪು. ಮುಂದೆ ಈ ಚಿಕ್ಕ ಕೂಟವೇ ಸಂತ ವಿನ್ಸೆಂಟರ ಹೆಸರನ್ನು ತಾಳಿ ಬೆಳೆಯಿತು.

ಇಷ್ಟೆಲ್ಲ ನಡೆದಾಗಲೂ ಓದು ಹಿಂದೆ ಬೀಳಲಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. 1836ರಲ್ಲಿ ಕಾನೂನಿನಲ್ಲಿಯೂ, 1839ರಲ್ಲಿ ದಾಂತೆ ಕವಿಯ ದರ್ಶನವನ್ನು ಕುರಿತು ಸಾಹಿತ್ಯದಲ್ಲಿಯೂ ಅವರು ಡಾಕ್ಟರೇಟ್ ಪಡೆದರು. ಲಿಯಾನಿನಲ್ಲಿ ವಾಣಿಜ್ಯ ಕಾನೂನಿನ ಪ್ರಾಧ್ಯಾಪಕರಾದಾಗ, ಆ ಒಣ ವಿಷಯದ ಪಾಠಗಳಲ್ಲಿಯೇ ಕಾರ್ಮಿಕನ ಕೂಲಿಯ ಪ್ರಶ್ನೆಯನ್ನು ಎತ್ತಿದರು. ಕೆಲಸಗಾರನನ್ನು ಯಂತ್ರದ ಬಿಡಿಭಾಗದಂತೆ ಕಾಣುವುದು ಶೋಷಣೆಯೆಂದು ವಿದ್ಯಾರ್ಥಿಗಳಿಗೆ ತಿಳಿಸಿದರು. 1831 ಮತ್ತು 1834ರಲ್ಲಿ ರೇಷ್ಮೆ ನೇಕಾರರು ದಂಗೆ ಎದ್ದಿದ್ದ ನಗರವದು. ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿ ಕಾರ್ಮಿಕರ ಹಕ್ಕುಗಳನ್ನು ಕುರಿತ ವಿಶ್ವಪತ್ರವನ್ನು ಹೊರಡಿಸುವುದಕ್ಕೆ ಅರ್ಧ ಶತಮಾನದ ಹಿಂದಿನ ಮಾತು ಇದು.

1840ರಲ್ಲಿ ನಡೆದ ರಾಷ್ಟ್ರಮಟ್ಟದ ಅಧ್ಯಾಪಕ ಪರೀಕ್ಷೆಯಲ್ಲಿ ಅವರು ಪ್ರಥಮ ಸ್ಥಾನ ಗಳಿಸಿ ಸೋರ್ಬಾನಿನಲ್ಲಿ ವಿದೇಶೀ ಸಾಹಿತ್ಯದ ಬದಲಿ ಅಧ್ಯಾಪಕರಾದರು. 1844ರಲ್ಲಿ ಪೂರ್ಣ ಪ್ರಾಧ್ಯಾಪಕ ಪದವಿ ದೊರೆಯಿತು. ಗುರುದೀಕ್ಷೆಯ ಬಗ್ಗೆ ಬಹುಕಾಲ ಚಿಂತಿಸಿದ್ದ ಅವರು ಕೊನೆಗೆ ಸಂಸಾರ ಜೀವನವೇ ತಮಗೆ ದೇವರಿತ್ತ ಕರೆಯೆಂದು ಅರಿತು, 1841ರ ಜೂನ್ 23ರಂದು ಅಮೇಲಿಯವರನ್ನು ವಿವಾಹವಾದರು. 1845ರಲ್ಲಿ ಮಗಳು ಮರಿ ಹುಟ್ಟಿದಳು. ಅವರ ಗೃಹಜೀವನದ ಒಂದು ಪ್ರಸಂಗವನ್ನು ಚರಿತ್ರಕಾರರು ಹೇಳುತ್ತಾರೆ. ಹೊಸ ವರ್ಷದ ದಿನ, ಒಂದು ಬಡ ಕುಟುಂಬವು ತನ್ನ ಹಳೆಯ ಮರದ ಪೆಟ್ಟಿಗೆಯನ್ನು ಒತ್ತೆಯಿಟ್ಟಿರುವುದು ಅವರ ನೆನಪಿಗೆ ಬಂತು. ಬಿಡಿಸಿಕೊಡಲು ಮನಸ್ಸಾದರೂ ಮನೆಯವರ ಮಾತಿಗೆ ಒಪ್ಪಿ ಸುಮ್ಮನಾದರು. ಸಂಜೆ ಮಗಳ ಮುಂದೆ ಹರಡಿದ್ದ ಆಟಿಕೆಗಳನ್ನು ನೋಡಿದಾಗ ಅವರ ಮುಖ ಬಾಡಿತು. ಪತ್ನಿಯೇ ಹೋಗಿ ಬರುವಂತೆ ಒತ್ತಾಯಿಸಿದರು. ಪೆಟ್ಟಿಗೆಯನ್ನು ಬಿಡಿಸಿ ಅದರ ಒಡೆಯರಿಗೆ ಮುಟ್ಟಿಸಿದ ಮೇಲೆಯೇ ಆ ಮನೆಯಲ್ಲಿ ಹಬ್ಬವಾಯಿತು.

1848ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ಕ್ರಾಂತಿ. ಓಝಾನಮ್ ಅವರು ಗುರು ಲಾಕೋರ್ದೇರ್ ಮೊದಲಾದವರೊಡನೆ ಹೊಸ ಯುಗವೆಂಬ ಅರ್ಥದ ಹೆಸರಿನ ಪತ್ರಿಕೆಯನ್ನು ಆರಂಭಿಸಿ ಬಡವರ ಪರವಾಗಿ ಬರೆದರು. ಜೂನ್ ತಿಂಗಳಲ್ಲಿ ಬೀದಿಗಳಲ್ಲಿ ರಕ್ತ ಹರಿದಾಗ, ಇಬ್ಬರು ಮಿತ್ರರೊಡನೆ ಮಹಾಧರ್ಮಾಧ್ಯಕ್ಷ ಆಫ್ರ್ ಅವರನ್ನು ಕಂಡು ಸಂಧಾನಕ್ಕೆ ಮುಂದಾಗುವಂತೆ ಬೇಡಿಕೊಂಡರು. ಆ ಪೂಜ್ಯರು ಹೊರಟರು. ಶಾಂತಿಯನ್ನು ಬೇಡುತ್ತಾ ಅಡ್ಡಗಟ್ಟೆಗಳ ನಡುವೆ ನಿಂತಿದ್ದಾಗ ಗುಂಡು ತಗುಲಿ ಎರಡು ದಿನಗಳಲ್ಲಿ ಮೃತರಾದರು. ತಾವು ನೀಡಿದ ಸಲಹೆಯ ಫಲ ಇದಾಯಿತಲ್ಲ ಎಂಬ ಭಾರ ಎಂಥದೆಂಬುದನ್ನು ನಾವು ಊಹಿಸಬಹುದು. ಆದರೂ ಓಝಾನಮ್ ಹಿಂಜರಿಯಲಿಲ್ಲ. ಆ ವರ್ಷವೇ ಮೂಫ್ತಾರ್ ಸುತ್ತಲಿನ ಮನೆಗಳಲ್ಲಿ ಕಣ್ಣಾರೆ ಕಂಡ ದಾರಿದ್ರ್ಯವನ್ನು ಪತ್ರಿಕೆಯಲ್ಲಿ ಬಣ್ಣಿಸಿ, ಗಲಭೆ ಅಡಗಿತೆಂದು ನೆಮ್ಮದಿಯಿಂದಿದ್ದ ಅನುಕೂಲಸ್ಥರ ಮನಸ್ಸಾಕ್ಷಿಯನ್ನು ಕದಲಿಸಿದರು.

ದುರ್ಬಲವಾದ ದೇಹ ಇಷ್ಟು ದುಡಿಮೆಯನ್ನು ತಾಳಲಾರದೆ ಹೋಯಿತು. 1852ರ ವಸಂತದಲ್ಲಿ ಅವರು ಜ್ವರದಿಂದ ಹಾಸಿಗೆ ಹಿಡಿದಿದ್ದಾಗ, ಪಾಠಗಳು ನಡೆಯುತ್ತಿಲ್ಲವೆಂದು ವಿದ್ಯಾರ್ಥಿಗಳು ಕೂಗಾಡುತ್ತಿರುವ ಸುದ್ದಿ ಬಂತು. ಮನೆಯವರು ತಡೆದರೂ ಕೇಳದೆ ಎದ್ದು ಸೋರ್ಬಾನಿಗೆ ನಡೆದರು. ಅವರ ಬಿಳಿಚಿದ ಮುಖವನ್ನು ಕಂಡು ಕೂಗಾಡಿದವರೇ ನಾಚಿ ತಲೆತಗ್ಗಿಸಿದರಂತೆ. ಅಂದಿನ ಉಪನ್ಯಾಸವೇ ಕೊನೆಯದು. ಹವಾ ಬದಲಾವಣೆಗೆಂದು ಇಟಲಿಯಲ್ಲಿದ್ದಾಗಲೂ ಅಲ್ಲಿ ಸಭೆಯ ಶಾಖೆಗಳನ್ನು ಬೆಳೆಸಲು ಶ್ರಮಿಸಿದರು. ಮರುವರ್ಷ ಮಾರ್ಸೇಲ್ಸಿಗೆ ಮರಳಿದ ಕೆಲವೇ ದಿನಗಳಲ್ಲಿ ನಿಧನರಾದರು. ಇಂದು ಅವರ ಸಮಾಧಿಯಿರುವುದು ಪ್ಯಾರಿಸ್ಸಿನ ಕಥೋಲಿಕ ವಿದ್ಯಾಪೀಠದ ಆವರಣದಲ್ಲಿರುವ ದೇವಾಲಯದ ನೆಲಮಾಳಿಗೆಯಲ್ಲಿ. ವಿದ್ಯಾರ್ಥಿಗಳ ಹೆಜ್ಜೆಯ ಸದ್ದು ಅಲ್ಲಿಂದ ದೂರವಿಲ್ಲ. 1997ರ ಆಗಸ್ಟ್ 22ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಪ್ಯಾರಿಸ್ಸಿನಲ್ಲಿ ವಿಶ್ವ ಯುವದಿನದ ಸಂದರ್ಭದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಅವರಿಗೆ ದಾರಿ ತೋರಿದ ಧರ್ಮಭಗಿನಿ ರೊಸಾಲಿಯವರಿಗೂ 2003ರಲ್ಲಿ ಆ ಗೌರವ ಸಂದಿತು. ಏಳು ಮಂದಿಯಿಂದ ಆರಂಭವಾದ ಸಭೆಯು ಈಗ ಸುಮಾರು 150 ದೇಶಗಳಲ್ಲಿ ಸೇವೆಯಲ್ಲಿದೆ.

ಈ ಚರಿತ್ರೆಯನ್ನು ನೆನೆಯುವಾಗ ಚರ್ಚಾಕೂಟದ ಆ ಯುವಕನ ಪ್ರಶ್ನೆ ನಮ್ಮನ್ನೂ ಬಿಡದೆ ಕಾಡುತ್ತದೆ. ನಮ್ಮ ನಾಡಿನಲ್ಲಿ ಕಥೋಲಿಕ ಸಮುದಾಯ ಹೆಮ್ಮೆಪಡುವ ವಿದ್ಯಾಸಂಸ್ಥೆಗಳು ಹಲವಿವೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ, ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರಲ್ಲಿ ಆರಂಭವಾದವು. ಇಂದು ಎರಡೂ ವಿಶ್ವವಿದ್ಯಾಲಯದ ಮಟ್ಟಕ್ಕೇರಿವೆ. ಅವುಗಳನ್ನು ಕಟ್ಟಿದವರ ತ್ಯಾಗವನ್ನು ನಾವು ವಾರ್ಷಿಕೋತ್ಸವಗಳಲ್ಲಿ ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಆದರೆ ಇಂಥ ವಿದ್ಯಾಲಯಗಳಲ್ಲಿ ಪದವಿ ಪಡೆದ ನಮ್ಮ ಮಕ್ಕಳಿಗೆ ಪಕ್ಕದ ಬೀದಿಯ ಬಡ ಮನೆಯೊಂದರ ದಾರಿ ತಿಳಿದಿದೆಯೇ? ಓದಿಸುವಾಗ ಸಂಬಳದ ಅಂಕೆಯನ್ನಷ್ಟೇ ಅವರ ಮುಂದಿಡುವ ನಾವು, ತಂದೆತಾಯಿಗಳೂ ಗುರುಗಳೂ, ಆ ದಾರಿಯನ್ನು ಎಂದಾದರೂ ತೋರಿದ್ದೇವೆಯೇ?

ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರದ ಬಲಿಪೂಜೆಯ ನಂತರ ವಿನ್ಸೆಂಟ್ ಸಭೆಯ ಸದಸ್ಯರು ದೇವಾಲಯದ ಬದಿಯ ಕೋಣೆಯಲ್ಲಿ ಸೇರುತ್ತಾರೆ. ಯಾರು ಎಷ್ಟು ಹಾಕಿದರೆಂದು ತಿಳಿಯದಂತೆ ಒಂದು ಪುಟ್ಟ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಸುತ್ತಲೂ ಕುಳಿತವರಲ್ಲಿ ಬಹುಪಾಲು ನರೆತ ತಲೆಗಳು. ಇದು ಇಪ್ಪತ್ತು ವರ್ಷದ ಹುಡುಗರು ಕಟ್ಟಿದ ಸಭೆ ಎಂಬುದು ಆಗೆಲ್ಲ ನಮ್ಮ ನೆನಪಿಗೆ ಬರುತ್ತದೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಇರುವ ಪ್ರತಿಯೊಂದು ಮನೆಯವರನ್ನೂ ನಾವು ಕೇಳಿಕೊಳ್ಳುವುದು ಇಷ್ಟೇ. ಬರುವ ಭಾನುವಾರ ಅವರನ್ನು ಆ ಕೋಣೆಗೆ ಕಳುಹಿಸಿಕೊಡಿ. ಅಲ್ಲಿ ಒಂದೆರಡು ಕುರ್ಚಿಗಳು ಖಾಲಿ ಇವೆ.